ಬಡ್ಡಿ ಬದಲಾಗದು ಎಂಬ ಊಹೆ

ಮುಂದಿನ ವರ್ಷ ಬೆಲೆ ಎಷ್ಟು ಏರುತ್ತದೆ ಎಂದು ಹೇಳುವ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದವನು ನಾನು. ಕೇಂದ್ರ ಬ್ಯಾಂಕಿನ ಮುನ್ನಂದಾಜು ವಿಭಾಗದಲ್ಲಿ ನಗುವಂಥ ಪ್ರಸಂಗಗಳಿಗೆ ಬರವಿರಲಿಲ್ಲ. ನಗುವವರು ಮಾತ್ರ ಹೊರಗಿನವರೇ ಆಗಿರುತ್ತಿದ್ದರು.

೧. ನಾವೇ

ಕೆಲಸಕ್ಕೆ ಸೇರಿದ ಹೊಸತು. ಬೆಲೆ ಅಂದಾಜು ಮಾಡಬೇಕಾದರೆ ಮೊದಲು ಬಡ್ಡಿದರದ ಬಗ್ಗೆ ಒಂದು ಊಹೆ ಬೇಕು. ಮೇಲಧಿಕಾರಿ, "ಈಗಿರೋದೇ ವರ್ಷಪೂರ್ತಿ ಇರುತ್ತೆ ಅಂತ ಬರೀರಿ" ಎಂದರು.

"ನಿಜವಾಗ್ಲೂ ಇರುತ್ತಾ ಸಾರ್?"

"ಎಲ್ಲಿ ಇರುತ್ತೆ? ಬದಲಾಗುತ್ತೆ."

"ಹಾಗಾದ್ರೆ ಬದಲಾಗುತ್ತೆ ಅಂತಲೇ ಬರೆಯೋಣ."

"ಬರೆದ್ರೆ ಯಾವಾಗ, ಎಷ್ಟು ಅಂತ ಜನ ಕೇಳ್ತಾರೆ ಕಣ್ರೀ. ಬದಲಾಯಿಸೋರು ನಾವೇ, ನಮಗೇ ಗೊತ್ತಿಲ್ಲ ಅನ್ನಕ್ಕಾಗುತ್ತಾ?"

೨. ಮಾರುಕಟ್ಟೆಯನ್ನೇ ಕೇಳಿ

ಕೆಲವು ವರ್ಷಗಳ ಮೇಲೆ ಪದ್ಧತಿ ಸುಧಾರಿಸಿತು. ನಮ್ಮ ಊಹೆ ಬೇಡ, ಮಾರುಕಟ್ಟೆಯವರ ಊಹೆಯನ್ನೇ ಹಾಕೋಣ ಎಂದು ದೊಡ್ಡವರು ತೀರ್ಮಾನಿಸಿದರು. ನಾನು ಸರ್ಕಾರಿ ಸಾಲಪತ್ರಗಳ ವ್ಯಾಪಾರಿಯೊಬ್ಬರಿಗೆ ಫೋನ್ ಮಾಡಿ, ಬಡ್ಡಿ ಎಷ್ಟಾಗಬಹುದು ಎಂದು ಕೇಳಿದೆ.

"ನಿಮ್ಮ ವರದಿ ಬರಲಿ ಸಾರ್, ನೋಡಿ ಹೇಳ್ತೀನಿ."

"ನೀವು ಹೇಳಿದ್ರೆ ತಾನೇ ವರದಿ?"

ಕೊನೆಗೆ ಅವರೇ, "ಹೋದ ಸಲದ್ದೇ ಹಾಕ್ಬುಡಿ, ನಾನೂ ಅದನ್ನೇ ನಂಬ್ತೀನಿ" ಎಂದರು. ಆ ಸಲದ ವರದಿಯಲ್ಲಿ ನಮಗೂ ಮಾರುಕಟ್ಟೆಗೂ ಸಂಪೂರ್ಣ ಒಮ್ಮತವಿತ್ತು.

೩. ಇಟ್ಕೊಳ್ಳಿ

ನಿವೃತ್ತನಾಗಿ ಮೈಸೂರಿಗೆ ಬಂದು ಶ್ರೀರಾಂಪುರದಲ್ಲಿ ಮನೆ ಮಾಡಿದೆ. ಪಕ್ಕದ ಮನೆಯಲ್ಲಿ ಖಾಸಗಿ ಶಾಲೆಯಿಂದ ನಿವೃತ್ತರಾದ ಟೀಚರಮ್ಮ ಇದ್ದರು. ಪಿಂಚಣಿ ಇಲ್ಲ. ಶಾಲೆ ಕೊನೆಗೆ ಕೊಟ್ಟ ಇಡುಗಂಟಿನ ಬಡ್ಡಿಯಲ್ಲೇ ಅವರ ಸಂಸಾರ ನಡೆಯಬೇಕು.

"ಎಫ್‌ಡಿಗೆ ಈಗ ಏಳು ಪರ್ಸೆಂಟ್ ಕೊಡ್ತಾರಂತೆ. ದಸರಾ ಗಲಾಟೆ ಮುಗಿದ ಮೇಲೆ ಇಟ್ರೂ ಅಷ್ಟೇ ಸಿಗುತ್ತಾ ಸಾರ್?" ಎಂದು ಕೇಳಿದರು.

ಹಳೇ ಚಾಳಿ, "ಏಳೇ ಅಂತ ಇಟ್ಕೊಳ್ಳಿ ಮೇಡಂ" ಅಂದುಬಿಟ್ಟೆ. ನಮ್ಮ ವಿಭಾಗದಲ್ಲಿ ಹಾಗೆಂದರೆ ಸದ್ಯಕ್ಕೆ ಊಹಿಸಿಕೊಳ್ಳಿ ಎಂದರ್ಥ. ಅವರು ಅದು ತಮ್ಮದೇ ಆಯಿತು, ಇಟ್ಟುಕೊಳ್ಳಬಹುದು ಎಂದು ತಿಳಿದರು.

ದಸರಾ ಮುಗಿಯಿತು. ಬಡ್ಡಿಯೂ ಇಳಿಯಿತು. ಟೀಚರಮ್ಮ ಐದು ವರ್ಷಕ್ಕೆ ದುಡ್ಡಿಟ್ಟು, ಬ್ಯಾಂಕಿನಿಂದ ನೆಟ್ಟಗೆ ನಮ್ಮ ಗೇಟಿಗೆ ಬಂದರು.

"ಏಳು ಇಟ್ಕೊಳ್ಳಿ ಅಂದ್ರಲ್ಲ ಸಾರ್, ಅವರು ಆರೂಕಾಲಿಗೆ ಇಳಿಸ್ಬುಟ್ಟಿದಾರೆ. ಇನ್ನು ಐದು ವರ್ಷ ನಾನು ಇದ್ರಲ್ಲೇ ಕಾಲ ಹಾಕ್ಬೇಕು."

ನನಗೆ ನಿಜಕ್ಕೂ ನಾಚಿಕೆಯಾಯಿತು. "ಅದು ಊಹೆ ಮೇಡಂ. ನಾವು ಇಪ್ಪತ್ತೆಂಟು ವರ್ಷ ಹಾಗೇ ಕೆಲಸ ಮಾಡಿದ್ದು" ಎಂದು ತೊದಲಿದೆ.

ಅವರು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು.

"ನಿಮಗೆ ಸಂಬಳ ಕೈಗೆ ಕೊಡ್ತಿದ್ರಾ ಸಾರ್, ಇಲ್ಲ ಕೊಟ್ಟಿದ್ದೀವಿ ಅಂತ ಇಟ್ಕೊಳ್ಳಿ ಅಂತಿದ್ರಾ?"