ಮೂರನೇ ಮಹಡಿಯ ಚಾರಣ

ಮೊಳಕಾಲ್ಮೂರಿನ ಜ್ಯೋತಿಲಕ್ಷ್ಮಿಯ ಬಲಗಾಲು ಶೇಕಡ ಎಪ್ಪತ್ತೈದರಷ್ಟು ಇಲ್ಲ ಎಂಬುದು ಸರ್ಕಾರಿ ಮೊಹರು ಬಿದ್ದ ಸತ್ಯವಾಗಿತ್ತು. ಉಳಿದ ಇಪ್ಪತ್ತೈದು ಭಾಗ ಏನು ಮಾಡುತ್ತಿದೆ ಎಂದು ಇಪ್ಪತ್ತು ವರ್ಷ ಯಾವ ಕಚೇರಿಯೂ ಕೇಳಿರಲಿಲ್ಲ. ಅದು ಬೆಟ್ಟ ಹತ್ತುತ್ತಿತ್ತು.

ಮನೆಯಲ್ಲಿ ಮಗ್ಗವಿತ್ತು. ಮಗ್ಗ ತುಳಿಯಲು ಎರಡು ಕಾಲು ಬೇಕಾದ್ದರಿಂದ ಅವಳ ಅವ್ವ ಹೊನ್ನಕ್ಕ ಸೀರೆ ನೇಯುತ್ತಿದ್ದಳು. ಜ್ಯೋತಿಲಕ್ಷ್ಮಿ ಪಕ್ಕದಲ್ಲಿ ಕೂತು ರೇಷ್ಮೆ ನೂಲು ಸುತ್ತಿಕೊಡುತ್ತಿದ್ದಳು. ಭಾನುವಾರ ಬಂತೆಂದರೆ ಎರಡು ಊರುಗೋಲು ಹಿಡಿದು, ಎದೆಗೆ ಫೋನು ಕಟ್ಟಿಕೊಂಡು, ಪಾಸು ತೋರಿಸಿ ಬಸ್ಸು ಹತ್ತಿ, ಸುತ್ತಮುತ್ತ ಕಂಡ ಬೆಟ್ಟಗುಡ್ಡಕ್ಕೆಲ್ಲ ಹೋಗುವಳು. ಹತ್ತಿದ್ದನ್ನು ಯೂಟ್ಯೂಬಿಗೆ ಹಾಕುವಾಗ ನಿಧಾನವಾದ ಭಾಗಗಳನ್ನು ಕತ್ತರಿಸುತ್ತಿರಲಿಲ್ಲ. ಒಂದು ಬಂಡೆ ದಾಟಲು ಅವಳಿಗೆ ಹನ್ನೊಂದು ನಿಮಿಷ ಹಿಡಿದರೆ ನೋಡುವವರಿಗೂ ಹನ್ನೊಂದು ನಿಮಿಷ. ಊರುಗೋಲು ಎಲ್ಲಿ ಊರಬೇಕು, ಎಲ್ಲಿ ಊರಿದರೆ ಜಾರುತ್ತದೆ, ಎಲ್ಲಿ ಕೂತುಕೊಂಡೇ ಇಳಿಯುವುದು ಮರ್ಯಾದೆ ಎಂದು ಹೇಳುತ್ತ ಹೋಗುವಳು. ನೋಡುವವರು ಹೆಚ್ಚಿರಲಿಲ್ಲ. ನೋಡಿದವರು ಮಾತ್ರ ಊಟ ಮುಗಿದರೂ ಕೈ ತೊಳೆಯದೆ ಕೂತಿರುತ್ತಿದ್ದರು.

ಹಾಗೆ ಕೂತವರಲ್ಲಿ ಚಳ್ಳಕೆರೆಯ ಅಂಗವೈಕಲ್ಯ ಮರುಪರಿಶೀಲನಾ ಕೋಶದ ಮುಖ್ಯಸ್ಥರಾದ ಓಂಕಾರಮೂರ್ತಿಯವರೂ ಒಬ್ಬರು. ಅವಳು ಬೆಟ್ಟದ ತುದಿಯಲ್ಲಿ ಕೂತು ಹುರಿದ ಶೇಂಗಾ ತಿನ್ನುವುದನ್ನು ಕಂಡು ಅವರೂ ಅವರ ಮನೆಯವರು ಶೈಲಜಾ ಅವರೂ ಕಣ್ಣೊರೆಸಿಕೊಂಡರು. ಮರುದಿನ ಕಚೇರಿಗೆ ಹೋಗಿ ಓಂಕಾರಮೂರ್ತಿಯವರು ನೋಟಿಸು ಹೊರಡಿಸಿದರು:

“ತಾವು ಬೆಟ್ಟ ಹತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದು ಅತೀವ ಸಂತೋಷವಾಗಿರುತ್ತದೆ. ಸದರಿ ಸಂತೋಷದ ಹಿನ್ನೆಲೆಯಲ್ಲಿ ತಮ್ಮ ಬಸ್ ಪಾಸನ್ನು ಅಮಾನತಿನಲ್ಲಿಡಲಾಗಿದೆ. ಏಳು ದಿನಗಳೊಳಗೆ ಖುದ್ದು ಹಾಜರಾಗಿ ತಮ್ಮ ಅಸಮರ್ಥತೆಯನ್ನು ರುಜುವಾತುಪಡಿಸತಕ್ಕದ್ದು.”

ಪಾಸಿಲ್ಲದಿದ್ದರೆ ಭಾನುವಾರವೂ ಇಲ್ಲ. ಜ್ಯೋತಿಲಕ್ಷ್ಮಿ ಟಿಕೆಟ್ ಕೊಂಡು ಚಳ್ಳಕೆರೆಗೆ ಬಂದಳು.

ಕೋಶವು ಶೇಂಗಾ ಎಣ್ಣೆ ಅಂಗಡಿಯೊಂದರ ಮೇಲೆ, ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲವೆಂದು ಯಾರೂ ದೂರುವಂತಿಲ್ಲ, ಇತ್ತು. ಜವಾನ ದಾಸಣ್ಣ ಅದರ ಬಾಗಿಲು ತೆಗೆದು ತೋರಿಸಿದ. ಒಳಗೆ ನೆಲದಿಂದ ಸೂರಿನವರೆಗೆ ವಿಕಲಚೇತನರ ಕಡತಗಳಿದ್ದವು. ಮಳೆ ಬಂದರೆ ಸೋರದ ಜಾಗ ಇಡೀ ಕಟ್ಟಡದಲ್ಲಿ ಅದೊಂದೇ. ಕಡತಗಳು ನೆಲಮಹಡಿಯಲ್ಲಿವೆ ಎಂದು ದಾಖಲಾಗಿದ್ದು, ಲಿಫ್ಟ್ ಮೇಲಕ್ಕೆ ಹೋದರೆ ಕಡತಗಳ ಸ್ಥಳಾಂತರಕ್ಕೆ ಮೇಲಧಿಕಾರಿಗಳ ಅನುಮತಿ ಬೇಕಾಗುತ್ತಿತ್ತು.

ಮೆಟ್ಟಿಲ ಬುಡದಲ್ಲಿ ಆಗಲೇ ಏಳೆಂಟು ಮಂದಿ ಕೂತಿದ್ದರು. ಪರಶುರಾಂಪುರದ ಕಡೆಯ ಕುರಿಗಾಹಿ ಜೋಗಪ್ಪ, ಎಡಪಾದ ಕಳೆದುಕೊಂಡ ಮುದುಕ, ಒಂಬತ್ತು ದಿನದಿಂದ ಅಲ್ಲಿದ್ದ. ಹತ್ತಲಾಗುವುದಿಲ್ಲವಾ ತಾತ ಎಂದು ಅವಳು ಕೇಳಿದಳು.

“ಹತ್ತಬೋದವ್ವ. ಮ್ಯಾಲೆ ಹೋದ್ರೆ ನನಗೆ ಕಾಲು ಐತೆ ಅಂತ ಬರೀತಾರೆ. ಕೆಳಗೇ ಕುಂತ್ರೆ ನಾನೇ ಇಲ್ಲ ಅಂತ ಬರೀತಾರೆ,” ಅಂದ ಜೋಗಪ್ಪ.

ಜ್ಯೋತಿಲಕ್ಷ್ಮಿಗೆ ಗೈರುಹಾಜರಾಗಿ ಸೋಲುವುದಕ್ಕಿಂತ ಹಾಜರಾಗಿ ಸೋಲುವುದೇ ವಾಸಿ ಎನಿಸಿ, ಫೋನನ್ನು ಎದೆಗೆ ಕಟ್ಟಿಕೊಂಡಳು. ಬೆಟ್ಟದಲ್ಲಿ ಹೇಳುವಂತೆಯೇ ಹೇಳುತ್ತ ಹತ್ತಿದಳು: ಇಲ್ಲಿ ಕಂಬಿ ಮುರಿದಿದೆ, ಇಲ್ಲಿ ಬಲ್ಬಿಲ್ಲ, ಈ ತಿರುವಿನಲ್ಲಿ ನಾಯಿ ಮಲಗಿದೆ, ಅದನ್ನು ಎಬ್ಬಿಸದೆ ಎಡಗಡೆ ಊರುಗೋಲು ಊರಬೇಕು.

ಓಂಕಾರಮೂರ್ತಿಯವರು ಬಾಗಿಲಿಗೇ ಎದ್ದು ಬಂದು ನಮಸ್ಕರಿಸಿದರು. ತಾವು ಅವಳ ಅಭಿಮಾನಿ ಎಂದರು, ಚಹಾ ತರಿಸಿದರು, ಆಮೇಲೆ ಲೆಕ್ಕ ಹಾಕಿದರು. ಬೆಟ್ಟ ನಿಸರ್ಗದ ಕೊಡುಗೆಯಾದ್ದರಿಂದ ಅದನ್ನು ಮನ್ನಿಸಲಾಗಿತ್ತು. ಸರ್ಕಾರಿ ಮೆಟ್ಟಿಲಿಗೆ ಆ ರಿಯಾಯಿತಿ ಇರಲಿಲ್ಲ. ಹತ್ತಿದ ಮಹಡಿಯೊಂದಕ್ಕೆ ಶೇಕಡ ಇಪ್ಪತ್ತು ಕಡಿತ, ಮೂರು ಮಹಡಿಗೆ ಅರವತ್ತು, ಉಳಿದದ್ದು ಹದಿನೈದು.

“ಹಂಗಾದ್ರೆ ಇಳಿದ್ರೆ ವಾಪಸ್ ಬರ್ತೈತಾ ಸಾರ್?” ಎಂದು ಕೇಳಿದಳು.

ಅವರು ನಿಯಮಾವಳಿಯನ್ನು ಪ್ರಾಮಾಣಿಕವಾಗಿ ತಿರುವಿಹಾಕಿದರು. “ಇಳಿಯುವುದನ್ನು ನಿಯಮ ಗುರುತಿಸುವುದಿಲ್ಲ ಕಣಮ್ಮ,” ಎಂದರು ವಿಷಾದದಿಂದ.

ಮೆಟ್ಟಿಲು ಹತ್ತಿದ ಆ ವಿಡಿಯೋ ಅವಳ ಯಾವ ಬೆಟ್ಟಕ್ಕೂ ಸಿಗದಷ್ಟು ಜನಪ್ರಿಯವಾಯಿತು. ಅದನ್ನು ನೋಡಿದ ಸರ್ವಸುಗಮ ಪ್ರವಾಸ ಮಂಡಳಿಯ ಅಧ್ಯಕ್ಷ ಬೊಮ್ಮಲಿಂಗಪ್ಪನವರಿಗೆ ಬಹುಕಾಲದ ತಲೆನೋವು ನೀಗಿತು. ವಿಕಲಚೇತನರಿಗೆ ಸಾಹಸ ತಾಣವೊಂದನ್ನು ನಿರ್ಮಿಸಬೇಕೆಂದು ಅವರಿಗೆ ಆದೇಶವಿತ್ತು. ಇಲ್ಲಿ ನಿರ್ಮಿಸುವ ಶ್ರಮವೇ ಇರಲಿಲ್ಲ. ಬಿಲ್ಲು ಮಾತ್ರ ಆಗಬೇಕಿತ್ತು. ಪ್ರಕಟಣೆ ಹೊರಬಿತ್ತು: “ಜಿಲ್ಲೆಯ ಪ್ರಥಮ ವಿಕಲಚೇತನ ಚಾರಣ ಪಥ. ನೈಸರ್ಗಿಕ ಕತ್ತಲೆ. ಮುರಿದ ಕಂಬಿಯ ರೋಮಾಂಚನ. ವನ್ಯಜೀವಿ ದರ್ಶನದ ಸೌಲಭ್ಯವಿದೆ.” ನಾಯಿಗೆ ಬೆಲ್ಟು ಹಾಕಿ ಅಲ್ಲೇ ಖಾಯಂ ಮಾಡಲಾಯಿತು.

ಜ್ಯೋತಿಲಕ್ಷ್ಮಿಯನ್ನೇ ಪಥದ ರಾಯಭಾರಿಯಾಗಿ ಆರಿಸಿದರು. ಆಮೇಲೆ ತಿಳಿಯಿತು, ರಾಯಭಾರಿಗೆ ಕನಿಷ್ಠ ಶೇಕಡ ನಲವತ್ತು ವೈಕಲ್ಯವಿರಬೇಕು; ಅವಳ ಬಳಿ ಇದ್ದದ್ದು ಹದಿನೈದು. ಓಂಕಾರಮೂರ್ತಿಯವರೇ ದಾರಿ ಹುಡುಕಿದರು. ತಾನೇ ಹತ್ತಿದರೆ ಕಡಿತವೆಂದ ಮೇಲೆ, ಹೊತ್ತೊಯ್ದರೆ ಜಮಾ. ಉದ್ಘಾಟನೆಯ ದಿನ ನಾಲ್ವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತರೆ ಎಪ್ಪತ್ತೈದೂ ಮರಳುತ್ತದೆ, ಪಾಸೂ ಮರಳುತ್ತದೆ. ಕುರ್ಚಿಗೆ ಟೆಂಡರ್ ಕರೆದರು. ಅದು ಅಧ್ಯಕ್ಷರ ಭಾಮೈದನಿಗೆ ಮಾತ್ರ ಕೇಳಿಸಿತು.

ಉದ್ಘಾಟನೆಯ ದಿನ ಎಲ್ಲರೂ ಮೆಟ್ಟಿಲ ಬುಡದಲ್ಲಿ ಸೇರಿದರು. ತೇಗದ ಕುರ್ಚಿಗೆ ಕೆಂಪು ಮಖಮಲ್ಲು, ಮೇಲೊಂದು ಚೆಂಡುಹೂವಿನ ಹಾರ. ಜ್ಯೋತಿಲಕ್ಷ್ಮಿ ಕುರ್ಚಿಯನ್ನು ನೋಡಿದಳು, ಒಂಬತ್ತು ದಿನ ಹೋಗಿ ತಿಂಗಳಾದರೂ ಅಲ್ಲೇ ಕೂತಿದ್ದ ಜೋಗಪ್ಪನನ್ನು ನೋಡಿದಳು. ಪಾಸಿನ ಆಸೆ ಅವಳಿಗೆ ಬಹಳವೇ ಇತ್ತು. ಆದರೂ ಕೂರಲಿಲ್ಲ.

“ನಾನು ಹತ್ತೋದು ನಿಮಗೆ ಬ್ಯಾಡ, ನೀವು ನನ್ನ ಹೊರೋದು ನನಗೆ ಬ್ಯಾಡ. ಲಿಫ್ಟ್‌ನಾಗಿರೋ ಕಾಗದ ಹೊತ್ತು ಆಚೆ ಹಾಕ್ರಿ. ಅಷ್ಟು ಸಾಕು,” ಅಂದಳು.

ಯಾರೂ ಸಿಟ್ಟಾಗಲಿಲ್ಲ. ಕಾರ್ಯಕ್ರಮ ಪಟ್ಟಿಯಲ್ಲಿ ಕುರ್ಚಿಯನ್ನು ಹೊತ್ತೊಯ್ಯುವುದು ಎಂದಷ್ಟೇ ಇದೆಯೆಂದು ಬೊಮ್ಮಲಿಂಗಪ್ಪನವರು ಗಮನಿಸಿದರು. ಮುಹೂರ್ತ ಮೀರುವ ಮೊದಲು ದಾಸಣ್ಣ ಮತ್ತು ಮೂವರು ಖಾಲಿ ಕುರ್ಚಿಯನ್ನು ಹೆಗಲಿಗೇರಿಸಿದರು. ಓಲಗ ಮುಂದೆ ಹೋಯಿತು. ಜ್ಯೋತಿಲಕ್ಷ್ಮಿ ಕೆಳಗೆ ನಿಂತು ಫೋನು ಹಿಡಿದು, ಕುರ್ಚಿ ಎರಡು ಸಲ ಗೋಡೆಗೆ ತಾಗಿ, ನಾಯಿಯನ್ನು ದಾಟಿ, ಕತ್ತಲಲ್ಲಿ ಮರೆಯಾಗುವುದನ್ನು ಪೂರ್ತಿ ಚಿತ್ರಿಸಿದಳು.

ವಾರದಲ್ಲಿ ಆದೇಶ ಬಂತು. ನಾಲ್ಕು ಕಾಲುಗಳಿದ್ದರೂ ಒಂದು ಮೆಟ್ಟಿಲನ್ನೂ ಸ್ವತಃ ಹತ್ತಲಾರದೆಂದು ಸಾಕ್ಷಿಗಳ ಸಮಕ್ಷಮ ಸಾಬೀತಾದ್ದರಿಂದ ಕುರ್ಚಿಯ ವೈಕಲ್ಯ ಶೇಕಡ ನೂರು. ಅದನ್ನು ರಾಯಭಾರಿಯಾಗಿ ನೇಮಿಸಿ ಬಸ್ ಪಾಸು ನೀಡಲಾಗಿತ್ತು. ಅನುಭವವನ್ನು ಪರಿಗಣಿಸಿ ಜ್ಯೋತಿಲಕ್ಷ್ಮಿಯನ್ನು ಕುರ್ಚಿಯ ಸಹಾಯಕಿಯಾಗಿ ಜೊತೆಗೆ ಉಚಿತವಾಗಿ ಪ್ರಯಾಣಿಸಲು ಬಿಡಲಾಗಿತ್ತು.

ಅವಳು ಆದೇಶವನ್ನು ಮೂರು ಸಲ ಓದಿ ಹರಿಯಲು ಹೋದಳು. ಹೊನ್ನಕ್ಕ ಮಗ್ಗದಿಂದ ತಲೆಯೆತ್ತದೆ ಅಂದಳು, “ಬೆಟ್ಟ ಕಂಡು ಎಷ್ಟು ದಿನ ಆತೇ? ಕುರ್ಚಿ ಹೆಸರಾಗೇ ಹೋಗಿ ಬಾ.”

ಸುದ್ದಿ ಹರಡಿ, ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದವರೆಲ್ಲ ಮನೆಯಿಂದ ಒಂದೊಂದು ಕುರ್ಚಿ ತಂದರು. ಕುರ್ಚಿಯಿಲ್ಲದ ಜೋಗಪ್ಪ ಊಟದ ಮಣೆ ತಂದ. ಮಣೆಗೆ ಕಾಲೇ ಇಲ್ಲದ್ದರಿಂದ ಕಾಲಿನ ವೈಕಲ್ಯದ ಪ್ರಶ್ನೆ ಉದ್ಭವಿಸುವುದಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು. ನ್ಯಾಯವೇ ಸರಿ ಎಂದು ಉಳಿದವರು ತಲೆಯಾಡಿಸಿದರು.

ಭಾನುವಾರ ಬಸ್ಸು ತುಂಬಿತ್ತು. ಕಂಡಕ್ಟರ್ ಮಲ್ಲಿಕ್ ಪಾಸು ಪರೀಕ್ಷಿಸಿ, ವಿಕಲಚೇತನರಿಗೆ ಮೀಸಲಾದ ಸೀಟಿನಲ್ಲಿದ್ದವರನ್ನು ಎಬ್ಬಿಸಿ, ಕುರ್ಚಿಯನ್ನು ಅಲ್ಲಿ ಕೂರಿಸಿ ಹಗ್ಗ ಬಿಗಿದ. ಸಹಾಯಕಿಗೆ ಸೀಟಿರಲಿಲ್ಲ. ಜ್ಯೋತಿಲಕ್ಷ್ಮಿ ಊರುಗೋಲುಗಳ ಮೇಲೆ ಭಾರ ಹಾಕಿ ಪಕ್ಕದಲ್ಲಿ ನಿಂತಳು. ತಳಕು ದಾಟುವಾಗ ಹಿಂದಿನ ಸೀಟಿನ ಹೆಂಗಸು ಮೆಲ್ಲಗೆ ಅವಳ ತೋಳು ಮುಟ್ಟಿ, ಪಾಪ ಕುರ್ಚಿಗೆ ಬಿಸಿಲು ಬೀಳುತ್ತಿದೆ, ಕಿಟಕಿಯ ಪರದೆ ಸ್ವಲ್ಪ ಎಳೆಯಮ್ಮ ಎಂದಳು.

ಜ್ಯೋತಿಲಕ್ಷ್ಮಿ ಒಂದು ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಗ್ಗಿ, ಪರದೆ ಎಳೆದಳು.