ವಿಡಿಯೊ ಕೇಳಿದ ಹದಿನಾಲ್ಕು ಪ್ರಶ್ನೆಗಳು

ಪಾಠದ ವಿಡಿಯೊ ನಡುನಡುವೆ ನಿಂತು ಪ್ರಶ್ನೆ ಕೇಳಬೇಕು, ಹತ್ತು ಸೆಕೆಂಡಿನೊಳಗೆ ಸರಿ ಉತ್ತರವನ್ನೂ ತಾನೇ ತೋರಿಸಬೇಕು, ಆಗಲೇ ಮಕ್ಕಳಿಗೆ ವಿದ್ಯೆ ಹತ್ತುವುದು ಎಂದು ಆಗ ನಮ್ಮ ಕಚೇರಿಯಲ್ಲಿ ಎಲ್ಲರೂ ನಂಬಿದ್ದರು. ನಾನು ಯಾವುದನ್ನೂ ಅಷ್ಟು ಸುಲಭವಾಗಿ ನಂಬುವವನಲ್ಲ. ಆದರೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಹದಿಮೂರು ವರ್ಷದ ಮೇಲೆ, ತಿಂಗಳು ತಿಂಗಳು ಸಂಬಳ ಬರುವ ಮೊದಲ ಕೆಲಸ ಅದು. ಹಾಗಾಗಿ ನಂಬಿದೆ.

ನಾಲ್ಕು ತಾಲ್ಲೂಕುಗಳ ಹತ್ತನೇ ತರಗತಿಗೆ ಕನ್ನಡಿಗಳ ಪಾಠ. ವಿಡಿಯೊದಲ್ಲಿ ಮಾತನಾಡುವವನು ನಾನು, ಪ್ರಶ್ನೆ ಬರೆಯುವವನು ನಾನು, ಕತ್ತರಿಸಿ ಅಂಟಿಸುವವನೂ ನಾನೇ. ವರ್ಷದ ಕೊನೆಗೆ ಹಣ ಕೊಟ್ಟವರು ಬಂದು ಒಂದು ಶಾಲೆಯಲ್ಲಿ ಪರೀಕ್ಷೆ ಇಡುತ್ತಾರೆ, ಮಕ್ಕಳು ಸರಿಯಾಗಿ ಬರೆಯದಿದ್ದರೆ ಯೋಜನೆ ಮುಚ್ಚುತ್ತದೆ ಎಂದು ಮೊದಲೇ ಹೇಳಿದ್ದರು. ಯೋಜನೆ ಮುಚ್ಚಿದರೆ ನನ್ನ ಕೆಲಸವೂ ಮುಚ್ಚುತ್ತದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹೀಗೆ ತಲೆಯ ಮೇಲೆ ಏನಾದರೂ ತೂಗುತ್ತಿರುವಾಗಲೇ ಮುಂದೆ ಹೇಳುವಂಥವು ಒಂದರ ಹಿಂದೆ ಒಂದು ಆಗುತ್ತವೆ.

ಶ್ರೀರಂಗಪಟ್ಟಣ: ಆಯ್ತು ಸಾರ್

ಮೊದಲ ದಿನ ಹಿಂದಿನ ಬೆಂಚಿನಲ್ಲಿ ಕೂತು ನನ್ನನ್ನೇ ಟಿವಿಯಲ್ಲಿ ನೋಡಿದೆ. ಅದೇನೂ ಸುಖದ ಅನುಭವವಲ್ಲ. ಐದು ನಿಮಿಷ ಮಾತಾಡಿ ಟಿವಿಯಲ್ಲಿದ್ದ ನಾನು, "ಅರ್ಥವಾಯಿತೆ?" ಎಂದೆ. ಇಡೀ ತರಗತಿ ಒಂದೇ ರಾಗದಲ್ಲಿ "ಆಯ್ತು ಸಾರ್" ಎಂದಿತು. ಪಕ್ಕದಲ್ಲಿ ನಿಂತಿದ್ದ ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ, ಕಂಡಿರಾ ಎಂಬಂತೆ ಹುಬ್ಬು ಹಾರಿಸಿದರು.

ಮುಂದಿನದು ನಿಜವಾದ ಪ್ರಶ್ನೆ. "ಮುಖ ನೋಡಿಕೊಳ್ಳುವ ಕನ್ನಡಿ ಯಾವ ಬಗೆಯದು?"

"ಆಯ್ತು ಸಾರ್."

"ಕನ್ನಡಿಯಲ್ಲಿ ನಿಮ್ಮ ಬಲಗೈ ಯಾವ ಕಡೆ ಕಾಣುತ್ತದೆ?"

"ಆಯ್ತು ಸಾರ್."

ಟಿವಿಯಲ್ಲಿದ್ದ ನಾನು ತೃಪ್ತಿಯಿಂದ ತಲೆಯಾಡಿಸಿ, ಉತ್ತರ ತೋರಿಸಿ ಮುಂದುವರಿದೆ. ಮಕ್ಕಳಿಗೆ ಪ್ರಶ್ನೆ ಸರಿಯಾಗಿ ಕೇಳುತ್ತಿಲ್ಲವೇನೋ ಎಂದು ಹೆಡ್‌ಮಾಸ್ಟರು ಅನುಮಾನಪಟ್ಟರು. ನನ್ನ ಅನುಮಾನ ಬೇರೆ. ಎದ್ದು ಹೋಗಿ ಧ್ವನಿಯನ್ನು ಪೂರ್ತಿ ಇಳಿಸಿದೆ. ಒಂದು ನಿಮಿಷ ಟಿವಿಯಲ್ಲಿ ಬರೀ ನನ್ನ ಬಾಯಿ ಅಲ್ಲಾಡಿತು. ಅದು ಅಲ್ಲಾಡುವುದು ನಿಂತ ಕೂಡಲೆ, "ಆಯ್ತು ಸಾರ್."

ಕಿಕ್ಕೇರಿ: ಹನ್ನೊಂದು ಗಂಟೆಯ ವಿದ್ಯಾರ್ಥಿನಿ

ಮನೆಯಲ್ಲೂ ನೋಡಲಿ ಎಂದು ವಿಡಿಯೊವನ್ನು ಅಪ್ಪ ಅಮ್ಮಂದಿರ ಫೋನಿಗೂ ಕಳಿಸಿದೆವು. ಉತ್ತರ ಒತ್ತದೆ ಅದು ಮುಂದಕ್ಕೆ ಹೋಗದು. ಯಾರು ಯಾವಾಗ ಒತ್ತಿದರು ಎಂಬುದು ನಮ್ಮ ಕಂಪ್ಯೂಟರಿಗೆ ಬರುತ್ತಿತ್ತು. ಕಿಕ್ಕೇರಿ ಕಡೆಯ ಒಬ್ಬ ಹುಡುಗಿ ಮಾತ್ರ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಉತ್ತರ ಒತ್ತುತ್ತಿದ್ದಳು, ಅದೂ ಹೆಚ್ಚುಕಮ್ಮಿ ಎಲ್ಲ ಸರಿ. ಶಾಲೆಯ ಹಾಜರಿಯಲ್ಲಿ ನೋಡಿದರೆ ಆ ಹೊತ್ತಿಗೆ ಅವಳು ತರಗತಿಯಲ್ಲೇ ಇದ್ದಾಳೆ.

ಫೋನು ಮಾಡಿದೆ. ಎತ್ತಿದವರು ಅವಳ ತಂದೆ. ಲಗೇಜ್ ಆಟೊ ಓಡಿಸುವ ಸಾಹೇಬರು.

"ಫೋನು ನನ್ನತ್ರ ಇರ್ತದೆ ಸಾರ್, ಮಗಳು ಇಸ್ಕೂಲಲ್ಲಿರ್ತಾಳೆ. ಲೋಡು ಇಳಿಸೋವರ್ಗೂ ಸುಮ್ನೆ ಕೂತಿರ್ತೀನಲ್ಲ, ಅದಕ್ಕೆ ನಾನೇ ಒತ್ತಿಬುಡ್ತೀನಿ."

ಇದು ಮಕ್ಕಳು ಮಾಡಬೇಕಾದದ್ದು, ನೀವು ಮಾಡಿದರೆ ಅವಳು ಕಲಿಯುವುದು ಹೇಗೆ ಎಂದು ನಾಲ್ಕು ಮಾತು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಸರಿ ಸಾರ್. ಆದ್ರೆ ನಿಮ್ಮ ಏಳನೇ ಪ್ರಶ್ನೆ ಗಲತ್ ಅದೆ."

ಯಾವ ಏಳನೆಯದು ಎಂದೆ.

"ಗಾಡಿ ಪಕ್ಕದ ಕನ್ನಡಿದು. ನಿಮ್ಮ ಚಿತ್ರದಲ್ಲಿ ಅದು ಒಳಕ್ಕೆ ಬಗ್ಗಿದೆ. ಹಂಗಿದ್ರೆ ಹಿಂದೆ ದೂರದಲ್ಲಿ ಬರೋ ಬಸ್ಸು ತಲೆಕೆಳಗಾಗಿ ಕಾಣಬೇಕು. ಇಪ್ಪತ್ತು ವರ್ಷದಿಂದ ಇದೇ ರೋಡಲ್ಲಿ ಓಡಿಸ್ತಾ ಇದೀನಿ. ಒಂದು ಬಸ್ಸೂ ತಲೆಕೆಳಗಾಗಿ ಬಂದಿಲ್ಲ ಸಾರ್."

ತೆಗೆದು ನೋಡಿದೆ. ಉಬ್ಬಿದ ಕನ್ನಡಿ ಇರಬೇಕಾದ ಕಡೆ ತಗ್ಗಿದ ಕನ್ನಡಿಯ ಚಿತ್ರ. ನಾಲ್ಕು ತಾಲ್ಲೂಕುಗಳ ಅಷ್ಟೂ ಮಕ್ಕಳಲ್ಲಿ, ಮೇಷ್ಟರುಗಳಲ್ಲಿ ಒಬ್ಬರೂ ತಪ್ಪು ಹಿಡಿದಿರಲಿಲ್ಲ. ನಮ್ಮ ದಾಖಲೆ ಪ್ರಕಾರ ಆ ಯೋಜನೆಯಲ್ಲಿ ನಿಜವಾಗಿ ಕಲಿಯುತ್ತಿದ್ದ ವಿದ್ಯಾರ್ಥಿ ಒಬ್ಬರೇ, ಅವರ ವಯಸ್ಸು ನಲವತ್ತಾರು.

ಕ್ಯಾತನಹಳ್ಳಿ: ಮೂರನೇದು

ಪಾಂಡವಪುರ ತಾಲ್ಲೂಕಿನ ಈ ಶಾಲೆಯಲ್ಲಿ ಇಬ್ಬರಿಗೊಂದು ಟ್ಯಾಬ್. ಪ್ರತಿ ಪ್ರಶ್ನೆಗೆ ಮೂರು ಉತ್ತರ, ಸರಿಯಾದದ್ದನ್ನು ಒತ್ತಬೇಕು. ಎರಡನೇ ವಾರಕ್ಕೆ ಇಡೀ ತರಗತಿಗೆ ನೂರಕ್ಕೆ ನೂರು. ನಮ್ಮ ಮುಖ್ಯಸ್ಥರು ಅದನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರು.

ನಾನು ಹೋಗಿ ನೋಡಿದೆ. ಪ್ರಶ್ನೆ ಬಂತು. ಯಾರೂ ಓದಲಿಲ್ಲ, ಎಲ್ಲರೂ ಒತ್ತಿದರು. ಒಬ್ಬ ಮಾತ್ರ ಕಣ್ಣರಳಿಸಿ ಓದುತ್ತಾ ಕೂತಿದ್ದ. ಟ್ಯಾಬ್ ಹಂಚಿಕೊಂಡಿದ್ದ ಗೆಳೆಯನಿಗೆ ತಾಳ್ಮೆ ಮುಗಿಯಿತು.

"ಮೂರನೇದು ಒತ್ಲಾ. ಯಾವಾಗ್ಲೂ ಮೂರನೇದೇ ಕಣ್ಲಾ."

ಹೌದು. ಹದಿನಾಲ್ಕು ಪ್ರಶ್ನೆಗೂ ಸರಿ ಉತ್ತರವನ್ನು ನಾನು ಮೂರನೆಯ ಜಾಗದಲ್ಲೇ ಇಟ್ಟಿದ್ದೆ. ತಪ್ಪು ಉತ್ತರ ಎರಡನ್ನು ಮೊದಲು ಬರೆದು, ಸರಿಯಾದದ್ದನ್ನು ಕೊನೆಗೆ ಬರೆಯುವುದು ನನ್ನ ಅಭ್ಯಾಸ. ಕಚೇರಿಗೆ ಬಂದು ಜಾಗಗಳನ್ನು ಕಲಸಿ ಕಳಿಸಿದೆ. ಮರುದಿನವೇ ಶಾಲೆಯಿಂದ ಫೋನು. ಮಕ್ಕಳು ದೂರು ಕೊಟ್ಟಿದ್ದಾರೆ, ಟ್ಯಾಬ್‌ಗಳ ಮೂರನೇ ಗುಂಡಿ ಎಲ್ಲದರಲ್ಲೂ ಒಟ್ಟಿಗೆ ಕೆಟ್ಟುಹೋಗಿದೆಯಂತೆ, ರಿಪೇರಿಯವನನ್ನು ಕಳಿಸಿ.

ಬಣ್ಣದ ಕಾಗದ ಗೋಡೆಯಿಂದ ಇಳಿಯಿತು. ಆ ವಾರ ಕೂತು ನಾಲ್ಕೂ ತಾಲ್ಲೂಕುಗಳ ವಿಡಿಯೊಗಳನ್ನು ಹೊಸದಾಗಿ ಕತ್ತರಿಸಿದೆ. ಗಾಡಿಯ ಕನ್ನಡಿ ಸರಿಮಾಡಿದೆ. ಗುಂಡಿಗಳು ಬೇಡ, ಆಯ್ಕೆಗಳೂ ಬೇಡ. ಪ್ರಶ್ನೆ, ಹತ್ತು ಸೆಕೆಂಡು, ಉತ್ತರ. ಕೊನೆಯದಾಗಿ ನಾಗಮಂಗಲದ ಪ್ರತಿ ಮುಗಿಸಿ ಪೆನ್‌ಡ್ರೈವಿಗೆ ಹಾಕಿ ಬಸ್ಸಿನಲ್ಲಿ ಕಳಿಸಿದೆ.

ನಾಗಮಂಗಲ: ಚಮಚ

ಹಣ ಕೊಟ್ಟವರು ಪರೀಕ್ಷೆಗೆ ಆರಿಸಿದ್ದು ನಾಗಮಂಗಲದ ಶಾಲೆಯನ್ನು. ನಾನು ಒಂದು ಸಲವೂ ಕಾಲಿಡದ ಶಾಲೆ. ಬಂದವರು ಇಬ್ಬರು, ಜೊತೆಗೆ ನಮ್ಮ ಮುಖ್ಯಸ್ಥರು. ಪ್ರಶ್ನೆಪತ್ರಿಕೆ ಅವರೇ ತಂದಿದ್ದರು. ಆಯ್ಕೆಗಳಿಲ್ಲ, ಪ್ರತಿ ಪ್ರಶ್ನೆಯ ಕೆಳಗೆ 'ಏಕೆ?' ಎಂದು ಬೇರೆ. ಅದನ್ನು ನೋಡಿದ ಮೇಲೆ, ಕೆಲಸ ಹೋಯಿತೆಂದು ಮನೆಯಲ್ಲಿ ಹೇಳಲು ಯಾವ ಮಾತಿನಿಂದ ಶುರು ಮಾಡಬೇಕೆಂದು ಯೋಚಿಸತೊಡಗಿದೆ.

ಮಕ್ಕಳು ಬರೆದರು. ಪುಟ ತಿರುಗಿಸಿ ಬರೆದರು. ಬಂದವರಲ್ಲಿ ಒಬ್ಬರು ಉತ್ತರಗಳನ್ನು ಓದುತ್ತಾ ಓದುತ್ತಾ ಕನ್ನಡಕ ತೆಗೆದು, ಇದು ಬಾಯಿಪಾಠವೋ ಏನೋ, ಎದ್ದು ನಿಂತು ಹೇಳಲಿ ಎಂದರು. ನಾನು ಮತ್ತೆ ಮನೆಯಲ್ಲಿ ಹೇಳಬೇಕಾದ ಮಾತು ಹುಡುಕತೊಡಗಿದೆ.

ಒಬ್ಬ ಹುಡುಗಿ ಎದ್ದು ಬ್ಯಾಗಿನಿಂದ ಚಮಚ ತೆಗೆದಳು. "ಒಳಗಡೆಯಿಂದ ನೋಡಿದ್ರೆ ತಲೆಕೆಳಗು ಸಾರ್. ಹಿಂದ್ಗಡೆಯಿಂದ ನೆಟ್ಟಗೆ, ಆದ್ರೆ ಚಿಕ್ಕದು. ಗಾಡಿಗೆ ಹಾಕೋದು ಹಿಂದ್ಗಡೆ ತರದ್ದು, ರೋಡೆಲ್ಲ ಅದ್ರಲ್ಲಿ ಹಿಡೀತದೆ."

ಹಿಂದಿನಿಂದ ಒಬ್ಬ ಕೂತಲ್ಲಿಂದಲೇ ತಡೆದ. "ಒಳಗಡೆ ಯಾವಾಗ್ಲೂ ತಲೆಕೆಳಗಲ್ಲ ಸಾರ್, ಅವ್ಳು ಅರ್ಧ ಹೇಳ್ತಾವ್ಳೆ. ಬೆರಳು ತೀರಾ ಹತ್ರ ತಂದ್ರೆ ನೆಟ್ಟಗಾಯ್ತದೆ."

"ನಾನೂ ಅದನ್ನೇ ಹೇಳಕೆ ಹೊಂಟಿದ್ದೆ, ಸುಮ್ನಿರ್ಲಾ."

ಇನ್ನೂ ನಾಲ್ಕು ಚಮಚಗಳು ಹೊರಬಂದವು. ಬಂದವರಿಬ್ಬರೂ ಒಂದೊಂದು ಇಸಿದುಕೊಂಡು ಬೆರಳು ಹಿಡಿದು ನೋಡಿದರು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದರು. ಹುಡುಗಿ ಟಿವಿ ತೋರಿಸಿ, "ವಿಡಿಯೊದಲ್ಲಿ ಕೇಳಿದ್ರಲ್ಲ ಸಾರ್" ಎಂದಳು.

ಯೋಜನೆ ಇನ್ನೆರಡು ವರ್ಷ ಮುಂದುವರಿಯುತ್ತದೆಂದು ಅಲ್ಲೇ ಹೇಳಿಬಿಟ್ಟರು. ನಾನು ಎರಡು ಲೋಟ ಟೀ ಕುಡಿದೆ. ಮೂರನೆಯದಕ್ಕೂ ಕೈ ಚಾಚಿದೆ. ಮುಖ್ಯಸ್ಥರು ಅತಿಥಿಗಳಿಗೆ ಗುಟ್ಟು ಬಿಡಿಸಿ ಹೇಳುತ್ತಿದ್ದರು. ಬರೀ ಪ್ರಶ್ನೆ ಕೇಳಿದರೆ ಸಾಲದು, ಹತ್ತು ಸೆಕೆಂಡಿಗೆ ಸರಿ ಉತ್ತರವನ್ನು ನಾವೇ ಕೊಡಬೇಕು, ಆ ಹತ್ತು ಸೆಕೆಂಡಿನಲ್ಲೇ ಎಲ್ಲ ಇರುವುದು. ಅತಿಥಿಗಳು ಬರೆದುಕೊಂಡರು.

ಹೊರಡುವಾಗ ವಿಜ್ಞಾನದ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು.

"ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮ ಹೊಸ ವಿಡಿಯೊ ಬಂದಾಗಿಂದ ಕ್ಲಾಸಲ್ಲಿ ದಿನಾ ಜಗಳ. ಒಂದೊಂದು ಪ್ರಶ್ನೆ ತಗೊಂಡು ಮೂರು ಮೂರು ದಿನ ಕಿತ್ತಾಡ್ತವೆ. ಬಸ್‌ಸ್ಟ್ಯಾಂಡಲ್ಲಿ ಬಸ್ಸಿನ ಕನ್ನಡಿ ಮುಟ್ಟಿ ಮುಟ್ಟಿ ಡ್ರೈವರ್ ಹತ್ರ ಬೈಸ್ಕೊಂಡವ್ರೆ. ಚಮಚ ಸಾಲದು ಅಂತ ನಮ್ಮ ಮನೆ ಸೌಟೂ ಹೋಯ್ತು. ಇದೇ ನಿಮ್ಮ ಪದ್ಧತಿ ಇರಬೇಕು ಅಂತ ನಾನೂ ಸುಮ್ನಿದ್ದೆ. ಮುಂದಿನ ಪಾಠಕ್ಕಾದ್ರೂ ಸ್ವಲ್ಪ ನೋಡಿ ಕಳಿಸ್ತೀರಾ?"

ಏನು ನೋಡಬೇಕೆಂದು ತಿಳಿಯಲಿಲ್ಲ. ಟಿವಿಯಿಂದ ಪೆನ್‌ಡ್ರೈವ್ ಕಿತ್ತುಕೊಂಡು ಬಂದು, ಬಸ್ಸಿನಲ್ಲಿ ಲ್ಯಾಪ್‌ಟಾಪಿಗೆ ಹಾಕಿ ಮೊದಲಿನಿಂದ ಕೊನೆಯವರೆಗೆ ನೋಡಿದೆ.

ಪ್ರಶ್ನೆಗಳು ಹದಿನಾಲ್ಕೂ ಇದ್ದವು. ಉತ್ತರ ಒಂದೂ ಇರಲಿಲ್ಲ.