ಬೀಗನ್ ಊಟ

ನನಗೊಂದು ಕಾಯಿಲೆಯಿದೆ. ಸಕ್ಕರೆಯಲ್ಲ, ಬಿಪಿಯಲ್ಲ, ಅವಕ್ಕಾದರೆ ಗುಳಿಗೆ ಸಿಗುತ್ತವೆ. ಎಲ್ಲಿ ಏನೇ ಬರೆದಿರಲಿ, ಅದರ ತಪ್ಪು ತಿದ್ದದೆ ನನ್ನಿಂದ ಮುಂದಕ್ಕೆ ಹೋಗಲಾಗುವುದಿಲ್ಲ. ಗಂಗಾವತಿಯ ಕಚೇರಿಯೊಂದರಲ್ಲಿ ವರ್ಷಗಟ್ಟಲೆ ಗುಮಾಸ್ತಿಕೆ ಮಾಡಿ, ಕಂಡವರ ಅರ್ಜಿಗಳಲ್ಲಿ ದೀರ್ಘ, ಒತ್ತು ಹುಡುಕಿ ಹುಡುಕಿ ಹತ್ತಿದ ಚಟ. ಮದುವೆಯಾದ ಹೊಸದರಲ್ಲಿ ಶಾಂತಾ ತವರಿನಿಂದ ನನಗೊಂದು ಕಾಗದ ಬರೆದಿದ್ದಳು. ಪ್ರೀತಿಯಿಂದಲೇ ಓದಿ, ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದೆ. ಆಮೇಲೆ ಅವಳು ನನಗೆ ಕಾಗದ ಬರೆದಿಲ್ಲ.

ಹೆಂಡತಿಯ ಮಟ್ಟಿಗೆ ಮುಗಿದಿದ್ದರೆ ಚಿಂತೆಯಿರಲಿಲ್ಲ. ಹೋದ ವರ್ಷ ಮಗಳು ಗೀತಾಳಿಗೆ ಕುಷ್ಟಗಿಯಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನ ವಿವರ ಬರೆದ ಹಾಳೆ ಕೊಟ್ಟರು. ನಾನು ಆರು ಕಡೆ ಗುರುತು ಹಾಕಿ ಹಿಂದಿರುಗಿಸಿದೆ. ಅವರು ಮತ್ತೆ ಇತ್ತ ತಲೆ ಹಾಕಲಿಲ್ಲ. ಹೀಗಾಗಿ ಈ ಸಲ ತಳಕಲ್ಲಿನವರು ಹೆಣ್ಣು ನೋಡಲು ಬರುವ ದಿನ ಶಾಂತಾ ಬೆಳಿಗ್ಗೆಯೇ ನನ್ನ ಜೇಬಿನ ಪೆನ್ನು ಕಿತ್ತುಕೊಂಡಳು. "ಫೋಟೋ ನೋಡಿದಾಗ್ಲೇ ಹುಡುಗ ಗೀತಾನ ಮನಸಿಗೆ ಬಂದಾನ. ನೀವು ಏನರ ಮಾಡ್ರಿ, ತಿದ್ದಾಕ ಮಾತ್ರ ಹೋಗಬ್ಯಾಡ್ರಿ."

ಹುಡುಗನ ತಂದೆ ಶರಣಪ್ಪನವರಿಗೆ ನಾಲ್ಕು ಎಮ್ಮೆಗಳಿವೆ. ನಮ್ಮ ಮನೆಯಲ್ಲಿ ಅವರು ಹುಡುಗಿಯನ್ನು ಎರಡು ಪ್ರಶ್ನೆ ಕೇಳಿ, ಉಳಿದ ಹೊತ್ತೆಲ್ಲ ಎಮ್ಮೆಗಳ ಬಗ್ಗೆ ಮಾತಾಡಿದರು. ಶರಬತ್ತು ಕುಡಿದರು, ಊಟ ಮಾತ್ರ ಬೇಡವೆಂದರು. "ಮಾತು ಮುಗದು ಬಾಯಿಗೆ ಸಕ್ಕರಿ ಹಾಕೋತನಕ ಹೆಣ್ಣಿನ ಮನ್ಯಾಗ ಉಣ್ಣೋ ಪದ್ಧತಿ ನಮ್ಮಲ್ಲಿ ಇಲ್ರಿ. ಅಂಜನಾದ್ರಿ ನೋಡೂಣು, ದಾರ್ಯಾಗ ಎಲ್ಲೆರ ಉಂಡರಾತು." ಸರಿ, ಎರಡೂ ಮನೆಯವರು ಒಂದೇ ಗಾಡಿಯಲ್ಲಿ ಹೊರಟೆವು. ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಶರಣಪ್ಪನವರು ಹಸಿವಿಗೆ ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದರು.

ವಿರೂಪಾಪುರಗಡ್ಡೆಯ ಕಡೆಗೆ ಹೋಗುವ ದಾರಿಯಲ್ಲಿ, ಭತ್ತದ ಗದ್ದೆಯ ಬದುವಿನ ಮೇಲೆ ಒಂದು ಬೋರ್ಡು ಕಂಡಿತು: 'ಬೀಗನ್ ಊಟ ದೊರೆಯುತ್ತದೆ'. ನನ್ನ ಕಾಯಿಲೆ ತಕ್ಷಣ ಕೆಲಸಕ್ಕೆ ಹತ್ತಿತು. 'ನ್' ಅಲ್ಲ, 'ನ' ಆಗಬೇಕು. ಬೀಗರನ್ನು ಏಕವಚನದಲ್ಲಿ ಕರೆಯುವುದೂ ತಪ್ಪು. ಅಲ್ಲಿಗೆ ಅದು 'ಬೀಗರ ಊಟ'. ಸಂಬಂಧ ಬೆಳೆಸಲು ಹೊರಟವರಿಗೆಂದೇ ಯಾರೋ ಪುಣ್ಯಾತ್ಮ ಹೋಟೆಲು ತೆರೆದಿದ್ದಾನೆ ಎಂದು ಶಾಂತಾಳ ಕಿವಿಯಲ್ಲಿ ಹೇಳಿ, ಗಾಡಿ ನಿಲ್ಲಿಸಿದೆ. ಪೆನ್ನು ಮುಟ್ಟಿರಲಿಲ್ಲವಾದ್ದರಿಂದ ಮಾತು ತಪ್ಪಿದಂತೇನೂ ಅಲ್ಲ.

ಒಳಗೆ ಕುರ್ಚಿಗಳಿರಲಿಲ್ಲ, ದಿಂಬುಗಳಿದ್ದವು. ಬಡಿಸುವ ಹೆಣ್ಣುಮಗಳು ನವಲಿಯವಳಂತೆ, ನಗುಮುಖದವಳು. ರೊಟ್ಟಿ, ಬದನೆಕಾಯಿ, ಕಾಳುಪಲ್ಯ ಎಲ್ಲ ಚೆನ್ನಾಗಿದ್ದವು. ಶರಣಪ್ಪನವರು ಕಣ್ಣು ತೆರೆದು ಉಂಡು, ಅನ್ನಕ್ಕೆ ಬಂದಾಗ ಮೊಸರು ಕೇಳಿದರು. ಬಟ್ಟಲು ಬಂತು. ಒಂದು ತುತ್ತು ಬಾಯಿಗಿಟ್ಟು, ಬಟ್ಟಲನ್ನೆತ್ತಿ ಮೂಸಿ ನೋಡಿದರು.

"ಇದು ಯಾವ ಎಮ್ಮೀದವಾ?"

"ಎಮ್ಮೀದಲ್ರಿ ಕಾಕಾ, ಶೇಂಗಾದ್ದು."

"ಶೇಂಗಾಕ್ಕ ಕೆಚ್ಚಲ ಎಲ್ಲೈತಿ?"

ಅವರು ತಮಾಷೆಗೆ ಕೇಳಿರಲಿಲ್ಲ, ಹೀಗಾಗಿ ಯಾರೂ ನಗಲಿಲ್ಲ. ಆಕೆ ಸಮಾಧಾನದಿಂದ ಹೇಳಿದಳು: "ನಮ್ದು ವೀಗನ್ ಹೋಟೆಲ್ರಿ. ಹಾಲು, ಮೊಸರು, ತುಪ್ಪ ಏನೂ ಇಡಂಗಿಲ್ಲ. ಹೊರಗ ಬೋರ್ಡ್ ಹಾಕೇವಲ್ರಿ."

ಪೇಂಟರು ಮಾಡಿದ್ದು 'ವೀ'ಗೆ 'ಬೀ' ಎಂಬ ಒಂದೇ ತಪ್ಪು. ಅದರ ಮೇಲೆ ಎರಡು ತಪ್ಪು ಹೇರಿದವನು ನಾನು. ಶಾಂತಾ ನನ್ನನ್ನು ನೋಡಿದಳು. ಗೀತಾ ತಟ್ಟೆ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿದ್ದವು. ನಿಜವಾಗಿ ಭಯವಾದದ್ದು ಆಗಲೇ.

"ಹೈನದ ಮಂದೀನ ಇಂಥಲ್ಲಿಗೆ ಯಾಕ ಕರಕೊಂಡು ಬಂದ್ರಿ?" ಎಂದರು ಶರಣಪ್ಪನವರು.

'ತಪ್ಪು ಓದಿದೆ' ಎಂಬ ಎರಡು ಶಬ್ದ ಸಾಕಿತ್ತು. ಹುಟ್ಟಿದಾಗಿನಿಂದ ಅಂದಿರದ ಶಬ್ದಗಳು ಆ ಹೊತ್ತಿಗೆ ಎಲ್ಲಿಂದ ಬರಬೇಕು? "ನಾ ಹಾಲು ಮೊಸರು ಬಿಟ್ಟೀನ್ರಿ," ಎಂದೆ. "ಕರುವಿನ ಪಾಲು ನಾವು ಉಣ್ಣೂದು ಬ್ಯಾಡ ಅಂತ." ಅಂದ ಮೇಲೆ ಎದುರಿಗಿರುವವರ ಮನೆಯಲ್ಲಿ ನಾಲ್ಕು ಎಮ್ಮೆಗಳಿರುವುದು ನೆನಪಾಯಿತು. ಅಂದು ಬೆಳಿಗ್ಗೆ ನಾನು ಎರಡು ಬಟ್ಟಲು ಮೊಸರು ಮುಗಿಸಿದ್ದು ಶಾಂತಾಳಿಗೆ ನೆನಪಾಗಿರಬೇಕು. ಆದರೆ ಮಗಳ ಮುಖ ನೋಡಿ ಸುಮ್ಮನಿದ್ದಳು.

ಶರಣಪ್ಪನವರು ಕೈ ತೊಳೆದರು. ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು. "ನಮ್ಮಿಂದ ಅಂತೂ ಆಗಂಗಿಲ್ರಿ. ಆದ್ರ ಇಷ್ಟು ಬಾಯಿ ಕಟ್ಟಿದ ಮನಷ್ಯಾನ ಮನಿ ಹುಡುಗಿ ಅಂದ್ರ ಮತ್ತೇನು ನೋಡೂದೈತಿ? ತಂಗೀ, ಸಕ್ಕರಿ ತಾರವಾ."

"ಸಕ್ಕರಿ ಇಲ್ರಿ ಕಾಕಾ, ಬೆಲ್ಲ ಐತಿ."

ಬೆಲ್ಲದಲ್ಲೇ ಮಾತು ಮುಗಿಯಿತು. ಗೀತಾ ತಲೆಯೆತ್ತಿ ನಕ್ಕಳು. ನಾನು ಮುಖ ತಿರುಗಿಸಿ ಕೆಮ್ಮಿದೆ. ಎಲ್ಲರೂ ಅದು ಬೆಲ್ಲದಿಂದ ಎಂದುಕೊಂಡರು.

ತಿಂಗಳ ಮೇಲೆ ತಳಕಲ್ಲಿನಲ್ಲಿ ನಿಶ್ಚಯದ ಊಟ. ಹೋಳಿಗೆ, ಅದರ ಮೇಲೆ ಸೌಟಿನಲ್ಲಿ ತುಪ್ಪ, ಪಕ್ಕದಲ್ಲಿ ಬಿಸಿ ಹಾಲು, ಕೊನೆಗೆ ಚಾಕುವಿನಿಂದ ಕೊಯ್ಯಬಹುದಾದಂಥ ಎಮ್ಮೆಯ ಮೊಸರು. ನಾನು ನೋಡಿಯೇ ಹೇಳುತ್ತಿದ್ದೇನೆ, ಉಂಡು ಅಲ್ಲ. ಶರಣಪ್ಪನವರು ತಾವು ಊಟಕ್ಕೆ ಕೂಡದೆ ನನ್ನ ಎಲೆಯ ಮುಂದೆ ನಿಂತು, ತುಪ್ಪ ತಂದವನನ್ನು ಕೈಯಡ್ಡ ಹಿಡಿದು ತಡೆದರು.

"ಹಾಕಬ್ಯಾಡೋ ತಮ್ಮಾ!" ಎಂದು ಪಂಕ್ತಿಗೆಲ್ಲ ಕೇಳುವಂತೆ ಕೂಗಿದರು. "ನಮ್ಮ ಬೀಗರು ಬೀಗನ್ ಅದಾರ!"

'ಬೀ' ಅಲ್ಲ, 'ವೀ'. ನನ್ನ ಬಾಯಿ ತಾನಾಗಿಯೇ ತೆರೆಯಿತು. ಎದುರು ಸಾಲಿನಲ್ಲಿ ಹುಡುಗನ ಪಕ್ಕ ಕೂತಿದ್ದ ಗೀತಾ ನನ್ನನ್ನೇ ನೋಡುತ್ತಿದ್ದಳು. ತೆರೆದ ಬಾಯಿಗೆ ಒಣ ಹೋಳಿಗೆ ಮುರಿದು ಇಟ್ಟುಕೊಂಡೆ.